ನಮ್ಮ ಅಂಗಡಿಯ ಕಂಪ್ಯೂಟರಿನ ಮೌನವ್ರತ

ನಮ್ಮ ಅಂಗಡಿಯ ಕಂಪ್ಯೂಟರಿಗೆ ನನ್ನ ಮೇಲಿರುವ ಗೌರವ ನನ್ನ ಹೆಂಡತಿಗೂ ಇಲ್ಲ. ಹೆಚ್ಚೇನು, ನನಗೇ ಇಲ್ಲ. ನಾನು ಸೊಲ್ಲಾಪುರದಲ್ಲಿ ಟಾವೆಲ್, ಚಾದರ ಮಾರುವ ಮನುಷ್ಯ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಕಾಲು ಚಾಚಿ ಶೇಂಗಾ ತಿನ್ನುತ್ತ ಕೂತಿರುತ್ತೇನೆ. ಕಂಪ್ಯೂಟರ್ ಮಾತ್ರ, ಯಜಮಾನರು ಏನೋ ಭಾರಿ ಕೆಲಸದಲ್ಲಿ ಮುಳುಗಿದ್ದಾರೆಂದು ತಿಳಿದು, ನನಗೆ ಬಂದ ಸಂದೇಶಗಳನ್ನೆಲ್ಲ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ.

ಅದರೊಳಗೆ ‘ಅಡಚಣೆ ಮಾಡಬೇಡಿ’ ಎಂಬುದೊಂದು ಏರ್ಪಾಟಿದೆ. ಸಾಮಾನ್ಯವಾಗಿ ಯಾರಾದರೂ ವಾಟ್ಸಾಪಿನಲ್ಲಿ ಏನಾದರೂ ಕಳಿಸಿದರೆ ತೆರೆಯ ಕೆಳಮೂಲೆಯಲ್ಲಿ ‘ಟಿಣ್’ ಎಂದು ಒಂದು ಚೀಟಿ ಏಳುತ್ತದೆ. ಈ ಏರ್ಪಾಟು ಚಾಲೂ ಆದರೆ ಟಿಣ್ ಇಲ್ಲ, ಚೀಟಿ ಇಲ್ಲ. ಇಂಥ ಏರ್ಪಾಟು ಬೇಕೆಂದು ನಾನು ಎಂದೂ ಕೇಳಿದವನಲ್ಲ. ಕೇಳುವುದಾದರೂ ಏಕೆ? ನಾನು ಹುಟ್ಟಿ ಬೆಳೆದದ್ದು ಪವರ್‌ಲೂಮುಗಳ ಓಣಿಯಲ್ಲಿ. ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದಷ್ಟು ಹೊತ್ತು ನಮ್ಮ ಓಣಿಯ ಕೂಸುಗಳು ಸುಖವಾಗಿ ಮಲಗಿರುತ್ತಿದ್ದವು. ಕರೆಂಟು ಹೋಗಿ ಮಗ್ಗ ನಿಂತವೋ, ಎಲ್ಲವೂ ಒಮ್ಮೆಲೇ ಎದ್ದು ಅಳುತ್ತಿದ್ದವು. ಇಂಥ ಊರಿನವನಿಗೆ ಶಾಂತಿ ಬೇಕೆಂದು ಈ ಯಂತ್ರಕ್ಕೆ ಹೇಳಿದವರಾರೋ ತಿಳಿಯದು.

ನಮ್ಮ ಅಂಗಡಿ ತೆರೆಯುವುದಕ್ಕೆ ಒಂದು ಪದ್ಧತಿಯಿದೆ. ಕಸ ಹೊಡೆದು, ಬಾಗಿಲಿಗೆ ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಚಾಲೂ ಮಾಡುತ್ತೇನೆ. ಅಷ್ಟರಲ್ಲಿ ಅಕ್ಕಲಕೋಟಕ್ಕೆ ಲಗ್ನವಾಗಿ ಹೋದ ನನ್ನ ಗೌರಕ್ಕ ಅಲ್ಲಿನ ಗುಡಿಯ ಸ್ವಾಮಿಗಳ ಆ ದಿನದ ಫೋಟೋ ಕಳಿಸಿರುತ್ತಾಳೆ. ಅದನ್ನು ತೆರೆಯ ತುಂಬ ದೊಡ್ಡದು ಮಾಡಿ ಹಚ್ಚಿ ಕೈ ಮುಗಿಯುತ್ತೇನೆ. ಬಿಲ್ ಮಾಡಬೇಕಾದಾಗ ಫೋಟೋ ಸರಿಸುವುದು, ಮುಗಿದ ಕೂಡಲೇ ಮತ್ತೆ ಎದುರಿಗೆ ತರುವುದು. ಇನ್ನು ಮೊಬೈಲ್. ಗಿರಾಕಿಗಳ ಎದುರು ಅದು ಕೂಗಿಕೊಂಡರೆ ಮರ್ಯಾದೆಯಲ್ಲ ಎಂದು ಅದರ ದನಿ ತೆಗೆದು ಗಲ್ಲೆಯ ರೊಕ್ಕದ ಡ್ರಾವರಿನಲ್ಲಿ ಹಾಕಿಬಿಡುತ್ತೇನೆ. ಚೀಟಿ ಏಳಿಸಲು ಕಂಪ್ಯೂಟರ್ ಇದೆಯಲ್ಲ ಎಂಬ ಭರವಸೆ.

ಈ ಭರವಸೆ ಮುಳುಗಿದ್ದು ಒಂದು ಡಬ್ಬಿಯಿಂದ. ಅಕ್ಕ ಶೇಂಗಾ ಹೋಳಿಗೆ ಮಾಡಿ, ಹಿಂದೊಮ್ಮೆ ನಾವು ತಿಂಡಿ ಹಾಕಿ ಕಳಿಸಿದ್ದ ನನ್ನ ಹೆಂಡತಿಯ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಗುರುತಿನ ಕಂಡಕ್ಟರನ ಕೈಗೆ ಕೊಟ್ಟು ಎಸ್ಟಿ ಬಸ್ಸಿಗೆ ಹಾಕಿದ್ದಳು. ‘ಡಬ್ಬಿ ಕೊಟ್ಟೀನಿ, ಸ್ಟ್ಯಾಂಡಿಗೆ ಹೋಗು’ ಎಂದು ಸಂದೇಶವನ್ನೂ ಕಳಿಸಿದ್ದಳು. ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ. ಅವಳು ಫೋನ್ ಮಾಡಿದಾಗ ಮೊಬೈಲ್ ಡ್ರಾವರಿನಲ್ಲೇ ನಡುಗಿ ಸುಮ್ಮನಾಯಿತು. ಪಾಪ, ಕಂಡಕ್ಟರ್ ಸ್ಟ್ಯಾಂಡಿನಲ್ಲಿ ಕಾದು ಕಾದು, ಬಸ್ಸು ತಿರುಗಿಸಿದಾಗ ಹೋಳಿಗೆಯನ್ನೂ ಅಕ್ಕಲಕೋಟಕ್ಕೆ ಒಯ್ದ. ನಮ್ಮ ಮನೆಗೆ ಹೊರಟ ಹೋಳಿಗೆ ಟಿಕೀಟಿಲ್ಲದೆ ಊರು ಸುತ್ತಿ ತವರಿಗೆ ಮರಳಿತು.

ಆ ಸಂಜೆ ಅಕ್ಕ ನನ್ನ ಹೆಂಡತಿಗೆ ಫೋನ್ ಮಾಡಿ, “ನನ್ನ ತಮ್ಮ ಭಾಳ ದೊಡ್ಡ ಮನಷ್ಯಾ ಆಗ್ಯಾನವಾ. ಈ ಸಲ ಪಂಚಮಿಗೆ ನಾ ಬರಂಗಿಲ್ಲ” ಅಂದಳಂತೆ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅಣ್ಣತಮ್ಮಂದಿರು ಹೋಗಿ ಕರೆದು ತರಬೇಕು. ಅವ್ವ ಹೋದ ಮೇಲೂ ನಮ್ಮ ಮನೆಯ ಪಂಚಮಿ ಪಂಚಮಿಯಾಗಿ ಉಳಿದಿದ್ದರೆ ಅದು ಅಕ್ಕ ಬಂದು ಜೋಕಾಲಿ ಕಟ್ಟಿಸಿ, ಉಂಡಿ ಕಟ್ಟಿ, ನನ್ನನ್ನು ಬೈಯುವುದರಿಂದ. ಅವಳಿಲ್ಲದ ಹಬ್ಬವನ್ನು ನಾನು ಕಂಡವನಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೋಗಿ ಕಾಲು ಹಿಡಿಯಬಹುದಿತ್ತು. ಆದರೆ ಕಾಲು ಹಿಡಿದು ಬಂದ ಮರುದಿನವೇ ಈ ಯಂತ್ರ ಮತ್ತೆ ಬಾಯಿ ಹೊಲಿದುಕೊಂಡರೆ? ಮೊದಲು ಇದನ್ನು ನೆಟ್ಟಗೆ ಮಾಡಬೇಕೆಂದು ಪಣ ತೊಟ್ಟೆ.

ಇಲ್ಲಿಂದ ಶುರುವಾಯಿತು ನನ್ನ ಸಾಹಸ. ಫೋಟೋ ಸರಿಸಿ, ಸೆಟ್ಟಿಂಗಿನೊಳಗೆ ಹೋಗಿ ನೋಡುತ್ತೇನೆ, ‘ಅಡಚಣೆ ಮಾಡಬೇಡಿ’ ಬಂದ್ ಆಗಿಯೇ ಇದೆ! ಖಾತ್ರಿಗೆಂದು ಚಾಲೂ ಮಾಡಿ ಮತ್ತೆ ಬಂದ್ ಮಾಡಿದೆ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದೆ. ಎಲ್ಲ ಸರಿ ಎಂದು ಫೋಟೋ ಹಚ್ಚಿ ಕೂತರೆ ಮತ್ತೆ ಮೌನ. ಸ್ವಲ್ಪ ಹೊತ್ತಾದ ಮೇಲೆ ಫೋಟೋ ಸರಿಸಿದರೆ, ತಮಗೆ ತೊಂದರೆಯಾಗಬಾರದೆಂದು ಬಂದವರನ್ನೆಲ್ಲ ತಡೆದಿದ್ದೇವೆ ಎಂಬಂಥ ಒಂದು ವರದಿ. ಹೋಗಿ ನೋಡಿದರೆ ಸ್ವಿಚ್ಚು ಬಂದ್! ಸಾಲಿಯ ಮಾಸ್ತರರು ಬಂದಾಗ ಕೈಕಟ್ಟಿ ಕೂತು, ಅವರು ಬೆನ್ನು ತಿರುಗಿಸಿದೊಡನೆ ಕಿಡಿಗೇಡಿತನಕ್ಕಿಳಿಯುವ ಹುಡುಗರ ಹಾಗೆ.

ವೈಕುಂಠದ ಬಾಗಿಲು ಕಾಯುವವರು ಋಷಿಗಳನ್ನು ತಡೆದು ಶಾಪ ತಿಂದ ಕಥೆ ಎಲ್ಲರಿಗೂ ಗೊತ್ತು. ಆ ಬಾಗಿಲವರಾದರೂ ತಮ್ಮ ತಪ್ಪಿಗೆ ತಾವೇ ಭೂಮಿಗೆ ಬಂದು ಹುಟ್ಟಿದರು. ನನ್ನ ಬಾಗಿಲವನಿಗೆ ಆ ನಿಯತ್ತೂ ಇಲ್ಲ. ತಡೆದದ್ದು ಅದು, ಶಾಪ ನನಗೆ.

ಪಂಚಮಿ ಹತ್ತಿರ ಬಂದಾಗ ಒಂದು ಮುಂಜಾನೆ ಅಕ್ಕನೇ ಅಂಗಡಿಯ ಮೆಟ್ಟಿಲು ಹತ್ತಿದಳು. ನನಗೆ ಹಿಗ್ಗೋ ಹಿಗ್ಗು. ಅವಳು ಚೀಲದಿಂದ ಡಬ್ಬಿ ತೆಗೆದು ಗಾದಿಯ ಮೇಲೆ ಇಟ್ಟಳು.

“ನಿನ್ನ ಹೇಂತಿ ಡಬ್ಬಿ. ತಗೋ.”

ಎತ್ತಿದೆ. ಖಾಲಿ! ನಮ್ಮಲ್ಲಿ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಖಾಲಿ ಡಬ್ಬಿ ಬಂತೆಂದರೆ ಕೊಡುವುದು-ತಗೊಳ್ಳುವುದು ಮುಗಿಯಿತು ಎಂದೇ ಅರ್ಥ.

“ಅಕ್ಕಾ, ಶಪ್ಪತ್ ಮಾಡಿ ಹೇಳ್ತೀನಿ, ನಂದೇನೂ ತಪ್ಪಿಲ್ಲ. ಈ ಕಂಪ್ಯೂಟರ್ ಸುಮ್ ಕೂಡತದ.”

“ಮಿಶಿನ್ ಮ್ಯಾಲೆ ಹಾಕಬ್ಯಾಡ ತಮ್ಮಾ. ನಾ ದಿನಾ ಕಳಸೂ ಫೋಟೋ ಮಾತ್ರ ಸಿಗ್ತಾವು, ನನ್ನ ಮಾತು ಸಿಗಂಗಿಲ್ಲ?”

“ಬೇಕಾರ ಈಗ ಏನರೆ ಕಳಸಿ ನೋಡು.”

ಅಕ್ಕ ಅಲ್ಲೇ ಕೂತು ತನ್ನ ಮೊಬೈಲಿನಲ್ಲಿ ಏನೋ ಒತ್ತಿದಳು. ತೆರೆಯ ತುಂಬ ಸ್ವಾಮಿಗಳು. ಟಿಣ್ ಇಲ್ಲ. “ನೋಡಿದ್ಯಾ?” ಎಂದು ನಾನು ಗೆದ್ದವನಂತೆ ಸ್ವಿಚ್ಚು ತೋರಿಸಲು ಫೋಟೋ ಸರಿಸಿದೆ. ಅಕ್ಕ ಮತ್ತೊಮ್ಮೆ ಒತ್ತಿದಳು. ಟಿಣ್! ಮೂಲೆಯಲ್ಲಿ ಚೀಟಿ ಎದ್ದಿತು: ‘ಕತ್ತಿ.’ ಅಂದರೆ ಕತ್ತೆ, ಅಂದರೆ ನಾನು.

“ಬಂತಲ್ಲೋ! ಈಗ ಆ ಫೋಟೋ ಮೊದಲಿನಂಗ ಹಚ್ಚು.” ಹಚ್ಚಿದೆ. ಅವಳು ಮತ್ತೆ ಒತ್ತಿದಳು. ಮೌನ.

“ಅಯ್ಯ ಶಿವನ! ಪೂರಾ ತುಂಬ ಹಚ್ಚಿದಾಗಷ್ಟ ಬಾಯಿ ಮುಚ್ಚತದ ಇದು. ನೀ ಏನೋ ದೊಡ್ಡ ಕೆಲಸ ಮಾಡಾಕತ್ತೀ ಅಂತ ತಿಳಕೊಂಡದ.”

ಸೆಟ್ಟಿಂಗಿನಲ್ಲಿ ಇನ್ನೂ ಕೆಳಗೆ ಹೋಗಿ ನೋಡಿದರೆ ಹೌದು, ತೆರೆಯ ತುಂಬ ಏನಾದರೂ ಇದ್ದರೆ ತಾನಾಗಿಯೇ ಚಾಲೂ ಆಗಲಿ ಎಂಬ ಸಾಲಿನ ಮುಂದೆ ಟಿಕ್ ಮಾರ್ಕು. ನಾನು ಪರೀಕ್ಷೆ ಮಾಡಲು ಹೋಗುವಾಗಲೆಲ್ಲ ಫೋಟೋ ಸರಿಸಿಯೇ ಹೋಗುತ್ತಿದ್ದೆ. ಹಾಗಾಗಿ ಕಳ್ಳ ಎಂದೂ ಸಿಕ್ಕಿರಲಿಲ್ಲ.

“ಈ ಫೋಟೋ ಯಾರು ಕಳಸಿದ್ದು, ಅಕ್ಕಾ?” ಎಂದು ಮೆಲ್ಲಗೆ ಕೇಳಿದೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಾನೂ ನಕ್ಕೆ. ಟಿಕ್ ತೆಗೆದೆ, ಚಾ ತರಿಸಿದೆ. ಚಾ ಕುಡಿದಳು, ಆದರೆ ಪಂಚಮಿಯ ಮಾತೆತ್ತದೆ ಬಸ್ಸು ಹತ್ತಿದಳು. ಖಾಲಿ ಡಬ್ಬಿ ಗಾದಿಯ ಮೇಲೆಯೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ.

ಮರುದಿನ ಊದಿನಕಡ್ಡಿ ಹಚ್ಚಿ, ಹೊಸ ಫೋಟೋ ತೆರೆಯ ತುಂಬ ಹಚ್ಚಿ, ಕೈ ಮುಗಿದು ಕಣ್ಣು ಮುಚ್ಚಿದ್ದೆ. ಟಿಣ್! ಸರಿಯಾಗಿ ಸ್ವಾಮಿಗಳ ಪಾದದ ಪಕ್ಕದಲ್ಲೇ ಚೀಟಿ: ‘ಪಂಚಮಿಗೆ ಕರ್ಯಾಕ ಬಾ. ಬರೂವಾಗ ಡಬ್ಬಿ ತುಂಬಿಸ್ಕೊಂಡ ಬಾ.’ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವುದರೊಳಗೆ ಇನ್ನೊಂದು ಟಿಣ್: ‘ಓದಿದ್ಯೋ ಇಲ್ಲೋ?’ ಅದರ ಹಿಂದೆಯೇ ಮತ್ತೊಂದು: ‘ಹಗ್ಗ ಗಟ್ಟೀದು ತಂದಿಡು. ಹೋದ ವರ್ಷ ಜೋಕಾಲಿ ಹರದಿತ್ತು.’

ಮುಗಿದ ಕೈಗಳನ್ನು ಅರ್ಧಕ್ಕೇ ಬಿಟ್ಟು ‘ಓದೀನಿ ಅಕ್ಕಾ’ ಎಂದು ಬರೆದೆ. ಸ್ವಾಮಿಗಳು ಸ್ವಲ್ಪ ಹೊತ್ತು ಕಾಯುತ್ತಾರೆ, ಅಕ್ಕ ಕಾಯುವವಳಲ್ಲ.