ಅರ್ಜಿ ಬಾರದ ಊರು

‘ನಮ್ಮನೇಲಿ ಡಿಗ್ರಿ ಅನ್ನದು ಆಗೋ ಮಾತಲ್ಲ ಕಣವ್ವ’ ಎಂದವರು ಶಾಗ್ಯದ ನನ್ನ ಸೋದರಮಾವ. ನನ್ನನ್ನು ಹತ್ತನೆಯದಕ್ಕೇ ಬಿಡಿಸು ಎಂದು ಅವ್ವನಿಗೆ ಹೇಳಿದ್ದರು. ಅವ್ವ ಕೇಳಲಿಲ್ಲ. ಕೊಳ್ಳೇಗಾಲದಲ್ಲಿ ಡಿಗ್ರಿ ಮುಗಿಸಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ.

ಕೊನೆಯ ವರ್ಷ ಒಂದು ಟ್ರಸ್ಟಿನ ಸಮೀಕ್ಷೆ ನನ್ನ ಪಾಲಿಗೆ ಬಂತು. ಹೆಣ್ಣುಮಕ್ಕಳಿಗೆ ಅವರು ಒಂದೇ ಹಾಸ್ಟೆಲ್ ಮಾಡುವವರಿದ್ದರು. ಯಳಂದೂರಿನಲ್ಲೋ ಹನೂರಿನಲ್ಲೋ ಎಂಬುದು ಪ್ರಶ್ನೆ. ಯಳಂದೂರಿನ ಸುತ್ತಲ ಮಾಂಬಳ್ಳಿ, ಹೊನ್ನೂರಿನ ಕಡೆಯಿಂದ ಅರ್ಜಿಗಳ ರಾಶಿ. ಹನೂರಿನ ಕಡೆಯ ಶಾಗ್ಯದಿಂದ ಒಂದೂ ಇಲ್ಲ. ಬೇಡದವರಿಗೆ ಯಾಕೆ ಕಟ್ಟಬೇಕು ಎಂದು ಟ್ರಸ್ಟಿನವರು ಕೇಳಿದರು.

ಶಾಗ್ಯಕ್ಕೆ ಹೋದೆ. ನಮ್ಮ ಕಡೆ ಕಾಗದ ಹಿಡಿದು ಬಂದವರಿಗೆ ಇಡೀ ಬೀದಿಯ ಉತ್ತರವನ್ನು ಜಗಲಿಯ ಹಿರಿಯರೊಬ್ಬರೇ ಕೊಡುತ್ತಾರೆ. ಆ ಬೀದಿಗೆ ಹಿರಿಯರು ಮಾವನೇ. ಎಲ್ಲ ಹೆಣ್ಣುಮಕ್ಕಳೂ ಓದುತ್ತಿದ್ದಾರೆ, ಬರೆದುಕೋ ಎಂದರು. ಹತ್ತು ಮುಗಿಸಿ ಮನೆಯಲ್ಲೇ ಉಳಿದಿದ್ದ ಅವರ ಮಗಳು ನೀರು ತಂದಿಟ್ಟು ಒಳಗೆ ಹೋದಳು. ಬೀದಿಯ ಮಾನದ ಪ್ರಶ್ನೆ, ಅವರು ಹೇಳಿದ್ದನ್ನೇ ಬರೆದುಕೊಂಡೆ.

ಮುಂದಿನ ವಾರ ಕಾಗದವಿಲ್ಲದೆ ಮತ್ತೆ ಹೋದೆ. ಅವರೆಕಾಯಿ ಕಾಲ. ಮಾವನ ಮನೆಯ ಹಿತ್ತಲಲ್ಲಿ ಹೆಂಗಸರು ಸುಲಿಯುತ್ತಿದ್ದರು. ಕೈ ಖಾಲಿ ಇಟ್ಟುಕೊಂಡು ಕೂತವರೆದುರು ಅಲ್ಲಿ ಯಾರೂ ಮನೆಯ ಮಾತು ಎತ್ತುವುದಿಲ್ಲ. ನಾನೂ ಒಂದು ಮೊರ ಎಳೆದುಕೊಂಡೆ. ಮೊರ ಅರ್ಧ ತುಂಬುವ ಹೊತ್ತಿಗೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಸಂಜೆ ಬಸ್ಸು ತಪ್ಪಿದರೆ ಗತಿಯೇನು ಎಂದು ಮಗಳನ್ನು ಕೂರಿಸಿಕೊಂಡ ಮನೆಗಳೇ ಎಲ್ಲ. ಕಾಲೇಜಿಗೇ ಸೇರದವರು ಹಾಸ್ಟೆಲ್ಲಿಗೆ ಅರ್ಜಿ ಹಾಕುವುದೆಲ್ಲಿ ಬಂತು.

‘ನಿಮ್ಮಾವ ಊರ್ಗೆಲ್ಲ ಉತ್ರ ಯೋಳ್ತದೆ, ಮಗ್ಳು ಕಾಲೇಜ್ ಕೇಳುದ್ರೆ ಎದ್ದು ಓಯ್ತದೆ’ ಎಂದು ಅತ್ತೆ ಅವರೆಕಾಯಿಯಿಂದ ತಲೆ ಎತ್ತದೆ ಹೇಳಿದರು.

ಅವರನ್ನೆಲ್ಲ ಕೇಳಿಯೇ, ಯಾರ ಮನೆ ಎಂದು ತಿಳಿಯದ ಹಾಗೆ ಬರೆದೆ. ಬಂದ ಅರ್ಜಿಯಷ್ಟನ್ನೇ ನೋಡಬೇಡಿ, ಬಾರದ್ದು ಯಾಕೆ ಬರಲಿಲ್ಲ ಎಂದೂ ನೋಡಿ ಎಂಬುದೇ ವರದಿ. ಮೀಟಿಂಗಿನ ಮೇಲೆ ಮೀಟಿಂಗು. ಅದೇ ಮಾತನ್ನು ಹೇಳಿ ಹೇಳಿ ನಾಲಿಗೆ ಸೋತಿತು. ಕೊನೆಗೆ ಹನೂರಿಗೆ ಎಂದಾಯಿತು, ಅದೂ ಬಾಡಿಗೆ ಮನೆಯಲ್ಲಿ. ಯಳಂದೂರಿನ ಕಡೆಯವರಿಗೆ ನನ್ನ ಮೇಲೆ ಸಿಟ್ಟು. ಅವರ ಮಕ್ಕಳಿಗೂ ಬೇಕಿತ್ತು, ಸುಳ್ಳಲ್ಲ.

ಎಂ.ಎ. ಸರ್ಟಿಫಿಕೇಟನ್ನು ಮಾವನ ಜಗಲಿಗೆ ಒಯ್ದೆ. ಹೆಮ್ಮೆಯೇನೋ ಇತ್ತು, ಆಡಿ ತೋರಿಸುವ ತ್ರಾಣ ಇರಲಿಲ್ಲ. ಸುಮ್ಮನೆ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಓದಲು ಬರದಿದ್ದರೂ ಬಹಳ ಹೊತ್ತು ನೋಡಿದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

‘ಇಸ್ಕೂಲ್ ಬುಟ್ಟು ಮೂರ್ ವರ್ಸ ಆದೋರ್ನೂ ಸೇರುಸ್ಕತಾರೇನವ್ವ,’ ಎಂದರು ಮಾವ, ‘ಒಸಿ ಕೇಳು.’