ಬಾತ್ಮಾಳ ಹಸಿವು

ಬಾತ್ಮಾ ಹೊಟ್ಟೆಬಾಕಿ. ಹದ್ದು ಎಂದರೆ ಇನ್ನೂ ಸರಿ. ನಮ್ಮ ಅತ್‌ಬಾಶಿ ಕಣಿವೆಯಲ್ಲಿ ಯಾರು ಹಾಸಿಗೆ ಹಿಡಿದರೂ ಅದು ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ರೋಗಿಯನ್ನು ನೋಡಲು ಬಂದವರಿಗೆ ಮಾಂಸ ಬಡಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊರಡುವಾಗ ಮಿಕ್ಕಿದ್ದನ್ನು ಕಟ್ಟಿಕೊಡುವುದೂ ಉಂಟು. ಉಳಿದವರು ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಬಾತ್ಮಾ ಮನೆಯಿಂದಲೇ ಚೀಲ ತರುತ್ತಿದ್ದಳು. ಈ ಕಣಿವೆಯಲ್ಲಿ ವೈದ್ಯೆಯಾಗಿ ಮುದುಕಿಯಾದ ನಾನು, ಪಕ್ಕದ ಕೋಣೆಯಲ್ಲಿ ಒಬ್ಬರು ಕೊನೆಯುಸಿರು ಎಳೆಯುತ್ತಿರುವಾಗ ಇವಳು ಮೂಳೆ ಚೀಪುವ ಸದ್ದನ್ನು ಎಷ್ಟೋ ಸಲ ಕೇಳಿದ್ದೇನೆ.

ಅವಳ ಮೈದುನ, ಕುದುರೆ ಕಾಯುವ ತುರ್ದಾಕುನ್‌ಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಆಸ್ಪತ್ರೆ ಬೇಡವೆಂದು ಹಟ ಹಿಡಿದು ಮನೆಗೆ ಬಂದ. ಮಲಗಿದಲ್ಲಿಂದ ಕುದುರೆಗಳು ಕಾಣಬೇಕು, ನೋವು ಕಡಿಮೆಯಿರಬೇಕು, ಅಷ್ಟೇ ಅವನ ಬೇಡಿಕೆ. ಎರಡಕ್ಕೂ ದಾರಿ ಮಾಡಿದೆ. ಆದರೆ ಹೆಂಡತಿ ಊಲ್ಕಾನ್‌ಗೆ ಬೇಕಾಗಿದ್ದುದು ಬೇರೆ. ಅವನು ತಿನ್ನಬೇಕು. ಕುರಿಮಾಂಸದ ಸಾರಿಗೆ ಯಾವ ಕಾಲದ್ದೋ ಕರಡಿ ಕೊಬ್ಬು ಕರಗಿಸಿ, ದಿನವೂ ಬಟ್ಟಲು ತುಂಬಿ ತರುತ್ತಿದ್ದಳು. ಹೆಣ ಕೊಯ್ದು ಕಲಿತ ನಾನೇ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ.

“ಊಲ್ಕಾನ್, ಅದು ಅವನಿಗೆ ಇಳಿಯಲ್ಲ. ಹಿಂಸೆ ಕೊಡಬೇಡ.”

“ತಿನ್ನದೆ ಮೇಲೇಳೋದು ಹೆಂಗೆ ಡಾಕ್ಟ್ರಮ್ಮ? ನಿಮ್ಮ ಪುಸ್ತಕದಲ್ಲಿ ಕರಡಿ ಕೊಬ್ಬಿನ ಪಾಠ ಇರಲಿಲ್ವೇನೋ.”

ಬಟ್ಟಲು ಹಾಗೆಯೇ ಹಿಂದಿರುಗಿದ ದಿನ ಅವಳು ಒಲೆಯ ಮುಂದೆ ಕೂತು ಬಿಕ್ಕುತ್ತಿದ್ದಳು. ಗೋಡೆಯಾಚೆ ಅವನಿಗೆ ಕೇಳುತ್ತಿತ್ತು.

“ನೋವು ತಡ್ಕೋಬಹುದು ಡಾಕ್ಟ್ರಮ್ಮ,” ಎಂದಿದ್ದ ನನ್ನೊಡನೆ. “ಆ ಅಳು ಕೇಳ್ಕೊಂಡು ಸಾಯೋಕಾಗಲ್ಲ.”

ಅಷ್ಟರಲ್ಲಿ ಚೀಲದ ಸಮೇತ ಹದ್ದು ಬಂದಿಳಿಯಿತು. ಅತ್ತಿಗೆಯಾದವಳು ಮೈದುನನಿಗೆ ಏನು ಬೇಕಾದರೂ ಅನ್ನಬಹುದು ನಮ್ಮಲ್ಲಿ.

“ಏನೋ, ಇನ್ನೂ ಇದ್ದೀಯಾ? ನಿನ್ನ ತಿಥಿ ಊಟ ಅಂತ ನಾನು ಬೆಳಗ್ಗಿಂದ ಏನೂ ತಿಂದಿಲ್ಲ.”

“ತಡ್ಕೋ ಅತ್ತಿಗೆ. ತಿಥಿಗೆ ಕಡಿಯೋ ಕಂದು ಕುದುರೆ ಇನ್ನೊಂಚೂರು ಕೊಬ್ಬಲಿ.”

ಇಬ್ಬರೂ ನಕ್ಕರು. ನನಗೆ ಅಸಹ್ಯವಾಯಿತು.

ಬಾತ್ಮಾ ಅಲ್ಲಿಯೇ ಠಿಕಾಣಿ ಹೂಡಿದಳು. ಅಂದಿನಿಂದ ಬಟ್ಟಲುಗಳು ಖಾಲಿಯಾಗಿ ಹಿಂದಿರುಗತೊಡಗಿದವು. ಊಲ್ಕಾನ್ ಅವನ್ನು ಪದಕದಂತೆ ಎತ್ತಿ ನನಗೆ ತೋರಿಸುವಳು. ನೀರೇ ನಿಲ್ಲದ ಹೊಟ್ಟೆಯದು, ನಾನು ನಂಬಲಿಲ್ಲ.

ಒಂದು ಮಧ್ಯಾಹ್ನ ಸದ್ದು ಮಾಡದೆ ಒಳಗೆ ಹೋದೆ. ಬಾತ್ಮಾ ಬಾಗಿಲಿಗೆ ಬೆನ್ನು ಹಾಕಿ ಕೂತು ಅವನ ಬಟ್ಟಲನ್ನು ಬಾಯಿಗಿಟ್ಟುಕೊಂಡಿದ್ದಳು.

“ಸಾಯೋವನ ಸಾರನ್ನೂ ಬಿಡಲ್ವಲ್ಲ ನೀನು!”

ನನ್ನ ದನಿಗೆ ಊಲ್ಕಾನ್ ಓಡಿಬಂದಳು. ಕಂಡದ್ದೇ ತಡ, ಕೂಗಾಡಿಬಿಟ್ಟಳು.

“ಥೂ, ಕಳ್ಳಿ! ಹಾಗಾದ್ರೆ ಇಷ್ಟು ದಿನ ಅವರು ಏನೂ ತಿಂದೇ ಇಲ್ವಾ?”

ತುರ್ದಾಕುನ್ ದಿಂಬಿನಿಂದ ತಲೆಯೆತ್ತಿ ಏನೋ ಹೇಳಹೊರಟ. ಬಾತ್ಮಾ ಅವನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದಳು. ಅವಳು ನಮ್ಮತ್ತ ತಿರುಗಿದಾಗ ನೋಡಿದೆ: ಕಣ್ಣಲ್ಲಿ ನೀರಾಡುತ್ತಿತ್ತು, ಹಣೆ ಬೆವೆತಿತ್ತು, ವಾಕರಿಕೆ ತಡೆಯಲು ಗಂಟಲು ಒದ್ದಾಡುತ್ತಿತ್ತು.

“ತಿನ್ನದೆ ಏನು? ದಿನಾ ಬಟ್ಟಲು ನೆಕ್ಕೋನು,” ಎಂದಳು. “ಇವತ್ತೂ ಆಸೆಪಟ್ಟು ಕೇಳ್ದ. ನಾನೇ ಕಿತ್ಕೊಂಡೆ. ನನ್ನ ಚಪಲ ನಿಂಗೊತ್ತಿಲ್ವೇನೇ?”

ತಳದಲ್ಲಿ ಹಳದಿ ಕೊಬ್ಬು ಇನ್ನೊಂದು ಗುಟುಕು ಉಳಿದಿತ್ತು. ಊಲ್ಕಾನ್ ನೋಡುತ್ತಿದ್ದಂತೆಯೇ ಅದನ್ನೂ ಕುಡಿದು, ತುಟಿ ಚಪ್ಪರಿಸಿದಳು.