ಹೊಸಬರು ಹೊತ್ತ ಚೀಲ

ನಿನ್ನ ಉತ್ತರ ಸರಿಯಾಗಿತ್ತು, ಪ್ರತಿಮಾ. ಇಡೀ ಕ್ಲಾಸಿನೆದುರು ಅದನ್ನು ತಪ್ಪೆಂದವಳು ನಾನು — ಸರಿಯೆಂದು ಅದೇ ಸಂಜೆ ಗೊತ್ತಾದಮೇಲೂ ಬಾಯಿ ಬಿಡದವಳೂ ನಾನೇ.

ಕುಂದಾಪುರದ ಕಾಲೇಜಿನಲ್ಲಿ ಆಗ ನಾನು ಹೊಸ ಲೆಕ್ಚರರ್. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗಿತ್ತು ನನ್ನ ಜೋರು. ಒಂದು ಆಲ್ಗಾರಿದಮ್‌ನಿಂದ ಕಂಪ್ಯೂಟರಿಗೆ ಎಷ್ಟು ಕೆಲಸ ಬೀಳುತ್ತದೆಂದು ಅಳೆಯುವ ಪಾಠ. ಅಂಕಿಗಳು ಒಂದೊಂದಾಗಿ ಬರುತ್ತವೆ. ಜಾಗ ತುಂಬಿದಾಗಲೆಲ್ಲ ಇದ್ದದ್ದನ್ನೆಲ್ಲ ಎರಡರಷ್ಟು ದೊಡ್ಡ ಜಾಗಕ್ಕೆ ಸಾಗಿಸಬೇಕು. ನಾನು ಅತಿ ಭಾರದ ಸಾಗಾಟವನ್ನೇ ಹಿಡಿದು, ಬರುವ ಪ್ರತಿ ಅಂಕಿಗೂ ಅಷ್ಟೇ ಕೆಲಸವೆಂದು ಗುಣಿಸಿ, ಬೋರ್ಡಿನ ಮೇಲೆ ದೊಡ್ಡ ಮೊತ್ತ ಬರೆದೆ. ನೀನು ಎದ್ದು ನಿಂತೆ.

ಕೊಲ್ಲೂರಿನ ನಿಮ್ಮ ಲಾಡ್ಜಿನ ಮಾತು ನೀನೇ ತೆಗೆದೆ. ಯಾತ್ರೆಯ ಗುಂಪಿನವರು ಜೀಪಿನಲ್ಲಿ ಬರುತ್ತಲೇ ಇರುತ್ತಾರೆ. ಹಾಲ್ ತುಂಬಿದರೆ ನಿನ್ನ ಅಪ್ಪಯ್ಯ ಎಲ್ಲರನ್ನೂ ಅದರ ಎರಡರಷ್ಟು ದೊಡ್ಡ ಹಾಲಿಗೆ ಕಳಿಸುತ್ತಾರೆ. ಹಾಗೆ ಹೋಗುವಾಗ ಒಮ್ಮೆ ಚೀಲ ಹೊತ್ತವರು ಮತ್ತೆ ಹೊರುವಂತಿಲ್ಲ — ಅದು ನಿಮ್ಮಲ್ಲಿಯ ವಾಡಿಕೆ.

"ಹೊಸ್ತಾಗಿ ಬಂದವ್ರ್ ತಮ್ದೊಂದ್ ಚೀಲ, ಹಳಬ್ರದ್ದೊಂದ್ ಚೀಲ ಹೊತ್ರೆ ಸಾಕಲ್ದಾ ಮೇಡಂ? ಯಾರಿಗೂ ಭಾರ ಆತಿಲ್ಲೆ."

"ಲಾಡ್ಜಿನ ಲೆಕ್ಕ ಲಾಡ್ಜಲ್ಲೇ ಇರ್ಲಿ. ಕೂಕೊ," ಅಂದೆ. ಎಲ್ಲರೂ ನಕ್ಕರು. ನೀನು ಕೂತೆ.

ಆ ಸಂಜೆ ಬೈಂದೂರಿನ ಬಸ್ಸಿನಲ್ಲಿ, ನಿನ್ನ ಮಾತಿನ ತಪ್ಪು ಹುಡುಕೋಣವೆಂದೇ ಶುರು ಮಾಡಿದೆ — ಸಿಗಲಿಲ್ಲ. ತುಂಬಿದ ಹಾಲಿನಲ್ಲಿ ಅರ್ಧ ಜನ ಹಿಂದಿನ ಹಾಲಿನಿಂದ ಬಂದ ಹಳಬರು, ಅರ್ಧ ಆಮೇಲೆ ಸೇರಿದ ಹೊಸಬರು. ಒಬ್ಬ ಹೊಸಬನಿಗೆ ಒಬ್ಬ ಹಳಬ. ಹಾಲ್ ಎಷ್ಟೇ ದೊಡ್ಡದಾಗಲಿ, ಒಬ್ಬರ ಪಾಲಿನ ಹೊರೆ ಎರಡೇ ಚೀಲ; ಒಂದು ಅಂಕಿಯ ಪಾಲಿಗೆ ಎರಡೇ ಸಾಗಾಟ. ಸಾವಿರ ಜನ ಬಂದರೂ ಅಷ್ಟೇ, ಲಕ್ಷ ಬಂದರೂ ಅಷ್ಟೇ… ನನಗೆ ಮೈ ನವಿರೆದ್ದಿತು. ಬೋರ್ಡಿನ ಮೇಲೆ ಬೆಟ್ಟದಷ್ಟಿದ್ದ ಲೆಕ್ಕವನ್ನು ನೀನು ಎರಡು ಚೀಲದಲ್ಲಿ ಇಳಿಸಿಟ್ಟಿದ್ದೆ. ತ್ರಾಸಿಯ ಕಡಲು ಯಾವಾಗ ಬಂತು, ಯಾವಾಗ ಹೋಯಿತು, ತಿಳಿಯಲಿಲ್ಲ. ಅಷ್ಟು ಚೆಂದದ ಲೆಕ್ಕವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮರುದಿನ ಹೇಳಬಹುದಿತ್ತು. ಬೋರ್ಡು ಅಳಿಸಿ ಮುಂದಿನ ಪಾಠಕ್ಕೆ ಹೋದೆ. "ಇದನ್ನೇ ಮುಂದೆ ಓದ್ತೆ ಮೇಡಂ" ಎಂದಿದ್ದ ನೀನು ಮತ್ತೆ ಪ್ರಶ್ನೆ ಕೇಳಲಿಲ್ಲ, ಮುಂದೆ ಓದಲೂ ಇಲ್ಲ. ನಾನು ಮಾತ್ರ ಮುಂದಿನ ವರ್ಷದಿಂದ ಪ್ರತಿ ಬ್ಯಾಚಿಗೂ ಆ ಚೀಲಗಳ ಕತೆ ಹೇಳಿದೆ. ಮಕ್ಕಳ ಕಣ್ಣು ಅರಳುತ್ತಿತ್ತು. ಚೆನ್ನಾಗಿ ಪಾಠ ಮಾಡುತ್ತಾರೆ ಎಂಬ ಹೆಸರು ನನಗೆ ಬಂತು.

ಇವತ್ತು ಒಬ್ಬಳು ಕೇಳಿದಳು: "ಇದ್ ಯಾರಿಗ್ ಹೊಳದ್ದ್ ಮೇಡಂ?"

"ನಂಗೇ," ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು — ನನಗೇ ಹೇಸಿಗೆಯಾಯಿತು.

ನಾಳೆ ಅದೇ ಮಕ್ಕಳೆದುರು ನಿನ್ನ ಹೆಸರು ಹೇಳುತ್ತೇನೆ. ನಾನು ಮಾಡಿದ್ದನ್ನೂ ಹೇಳುತ್ತೇನೆ. ಆಮೇಲೆ ಕೊಲ್ಲೂರಿಗೆ ಬರುತ್ತೇನೆ. ಲಾಡ್ಜಿನ ಕೌಂಟರಿನಲ್ಲಿ ಈಗ ನೀನೇ ಇರುತ್ತೀಯಂತೆ. ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ. ಅಂದು ನಿನ್ನನ್ನು ಕೂರಿಸಿದವಳು ನಾನು. ಕೂಕೊ ಎಂದು ನೀನು ಹೇಳುವ ತನಕ ನಿನ್ನೆದುರು ನಿಂತೇ ಇರುತ್ತೇನೆ.